ನಾನು ಕಂಡುಹಿಡಿಯದ ಕಂಪ್ಯೂಟರು

ನಮ್ಮ ಶಾಲೆಗೆ ಕಂಪ್ಯೂಟರುಗಳು ಬಂದದ್ದು ಕಬ್ಬು ಸಾಗಿಸುವ ಟ್ರಾಕ್ಟರಿನಲ್ಲಿ. ಬೆಂಗಳೂರಿನ ಒಂದು ಕಂಪನಿ ತನ್ನ ಹಳೆಯ ಯಂತ್ರಗಳನ್ನು ಸರ್ಕಾರಿ ಶಾಲೆಗಳಿಗೆ ಕೊಡುತ್ತಿದೆ ಅಂತ ಕೇಳಿ ನಮ್ಮ ಹೆಡ್‌ಮಾಸ್ಟರು ಹಿಂದೆ ಬಿದ್ದು ಒಂದು ಡಜನ್ ಗಿಟ್ಟಿಸಿಕೊಂಡಿದ್ದರು. ಪಾಂಡವಪುರದವರೆಗೆ ಲಾರಿ ತಂದು ಇಳಿಸಿತು. ಅಲ್ಲಿಂದ ನಮ್ಮ ಶಾಲೆಯಿರುವ ಹಳ್ಳಿಗೆ, ಊರವರೊಬ್ಬರ ಟ್ರೇಲರಿನಲ್ಲಿ ಕಬ್ಬಿನ ತರಗು ಹಾಸಿ, ಅದರ ಮೇಲೆ ಮೊಟ್ಟೆ ಸಾಗಿಸುವವರ ಹಾಗೆ ನಿಧಾನವಾಗಿ ತಂದರು. ಇಳಿಸುವಾಗ ನೋಡಲು ಅರ್ಧ ಊರು ಸೇರಿತ್ತು.

ನಾನು ಅಲ್ಲಿ ಗಣಿತದ ಟೀಚರು. ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತೇನೆ ಅನ್ನುವ ಒಂದೇ ಅರ್ಹತೆಯ ಮೇಲೆ ಕಂಪ್ಯೂಟರಿನ ಉಸ್ತುವಾರಿ ನನಗೆ ಬಂತು. ಮಾರನೆಯ ದಿನ ಒಂದೊಂದನ್ನೇ ಆನ್ ಮಾಡಿದೆವು. ಫ್ಯಾನು ತಿರುಗಿತು, ದೀಪ ಹತ್ತಿತು, ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಅಷ್ಟೇ. ಎಲ್ಲದರಲ್ಲೂ ಅದೇ ಸಾಲು. ಪಾಂಡವಪುರದಿಂದ ರಿಪೇರಿಯವರನ್ನು ಕರೆಸಿದಾಗ ಅವರು ಒಂದರ ಪಕ್ಕೆ ಬಿಚ್ಚಿ ನೋಡಿ ನಕ್ಕರು.

"ಮೇಡಂ, ಇದ್ರಲ್ಲಿ ಹಾರ್ಡ್‌ಡಿಸ್ಕೇ ಇಲ್ವಲ್ಲ!"

ತಮ್ಮ ಲೆಕ್ಕಪತ್ರ ಹೊರಗೆ ಹೋಗಬಾರದು ಅಂತ ಕಂಪನಿಯವರು ಮೊದಲು ಅದನ್ನು ಕಿತ್ತುಕೊಂಡೇ ದಾನ ಕೊಡುತ್ತಾರಂತೆ. "ಕರುಳು ಕಿತ್ಕಂಡು ಮೈ ಕೊಟ್ಟವ್ರೆ ಅನ್ನಿ," ಅಂದರು ಹೆಡ್‌ಮಾಸ್ಟರು. ಹೊಸ ಡಿಸ್ಕುಗಳಿಗೆ ಶಾಲೆಯಲ್ಲಿ ಹಣವಿರಲಿಲ್ಲ. ಊರವರು ಕೇಳಿದಾಗಲೆಲ್ಲ "ಇನ್ನೂ ಕನೆಕ್ಷನ್ ಕೊಡ್ಬೇಕು" ಅಂತ ಹೇಳಿ ಕೋಣೆಗೆ ಬೀಗ ಹಾಕಿದೆವು.

ಆ ಬೀಗದ ಕೋಣೆಯ ಮುಂದೆ ದಿನಾ ಓಡಾಡಿ ಓಡಾಡಿಯೇ ನಾನು ಈ ಕೆಲಸಕ್ಕೆ ಬಿದ್ದದ್ದು. ಫೋನಿನಲ್ಲಿ ಹುಡುಕುತ್ತಿದ್ದಾಗ ಗೊತ್ತಾಯಿತು, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಡಿಸ್ಕಿನಲ್ಲೇ ಇರಬೇಕಾಗಿಲ್ಲ, ಒಂದು ಪೆನ್‌ಡ್ರೈವಿನಲ್ಲಿದ್ದರೂ ಸಾಕು. ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ ಅಲ್ಲಿಂದಲೇ ಎದ್ದು ಓಡುತ್ತದೆ. ಲಿನಕ್ಸ್ ಅನ್ನುವ ಬಗೆಯ ತಂತ್ರಾಂಶವನ್ನು ಬರೆದವರು, ಯಾರು ಬೇಕಾದರೂ ತೆಗೆದುಕೊಳ್ಳಿ, ಬೇಕಾದ ಹಾಗೆ ಬದಲಾಯಿಸಿಕೊಳ್ಳಿ, ಹಂಚಿ ಅಂತ ಜಗತ್ತಿಗೇ ಬಿಟ್ಟುಕೊಟ್ಟಿದ್ದಾರೆ. ನನಗೆ ಮೊದಲು ನಂಬಿಕೆ ಬರಲಿಲ್ಲ. ಪುಕ್ಕಟೆ ಸಿಕ್ಕ ಯಂತ್ರದಲ್ಲಿ ಕರುಳೇ ಇರಲಿಲ್ಲವಲ್ಲ, ಇದರಲ್ಲೇನು ಇರುವುದಿಲ್ಲವೋ ಅಂದುಕೊಂಡೆ. ಆದರೆ ಅದು ಪೂರ್ತಿಯಾಗಿಯೇ ಇತ್ತು.

ಬೇಸಿಗೆ ರಜೆಯಲ್ಲಿ ಒಂದು ಯಂತ್ರವನ್ನು ಶ್ರೀರಂಗಪಟ್ಟಣದ ನಮ್ಮ ಮನೆಗೆ ತಂದು ಊಟದ ಮೇಜಿನ ಮೇಲಿಟ್ಟೆ. ನನ್ನ ಗಂಡ ಬೆಳಗೊಳದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ರಜೆಯ ಅಷ್ಟೂ ದಿನ ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

ಮಾಡಿದ ಕೆಲಸವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಮುಂದೆ ನಡೆದದ್ದೆಲ್ಲ ಅದರಿಂದಲೇ. ಹಳೆಯ ಯಂತ್ರಗಳಿಗೆ ಭಾರವಾಗದ ಒಂದು ಲಿನಕ್ಸನ್ನು ಇಳಿಸಿಕೊಂಡೆ. ಪೆನ್‌ಡ್ರೈವಿಗೆ ಬರೆದೆ. ಮೊದಲ ಸಲ ಏಳಲೇ ಇಲ್ಲ. ಯಂತ್ರ ಪೆನ್‌ಡ್ರೈವಿನ ಕಡೆ ನೋಡುವಂತೆ ಒಳಗೊಂದು ಕಡೆ ಹೇಳಿಕೊಡಬೇಕಾಗಿತ್ತು. ಹೇಳಿಕೊಟ್ಟೆ, ಎದ್ದಿತು. ಆಫ್ ಮಾಡಿ ಮತ್ತೆ ಹಾಕಿದರೆ ಹೇಳಿಕೊಟ್ಟದ್ದನ್ನು ಮರೆತಿತ್ತು. ಯಂತ್ರದೊಳಗೆ ಇಂಥವನ್ನು ನೆನಪಿಡಲು ಇರುವ ಬಟನ್ ಬ್ಯಾಟರಿ ಸತ್ತಿದೆ ಅಂತ ತಿಳಿಯಲು ವಾರ ಹಿಡಿಯಿತು. ಪೇಟೆಬೀದಿಯ ವಾಚ್ ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ತಂದು ಹಾಕಿದೆ. ಆಮೇಲೆ ಕನ್ನಡ. ಶ್ರೀರಂಗಪಟ್ಟಣ ಅಂತ ಟೈಪ್ ಮಾಡಿ ನೋಡಿದರೆ ಶ್ರೀ ಒಂದು ಕಡೆ ಮುರಿದು, ಪಟ್ಟಣದ ಒತ್ತು ಇನ್ನೊಂದು ಕಡೆ ಬಿದ್ದು, ಓದಲಾಗುತ್ತಿರಲಿಲ್ಲ. ಸರಿಯಾದ ಅಕ್ಷರಗಳನ್ನು ಹುಡುಕಿ ಹಾಕಿದೆ. ರೇಖಾಗಣಿತ ಕಲಿಸುವ ಒಂದು ತಂತ್ರಾಂಶ, ಚಿತ್ರ ಬಿಡಿಸುವುದಕ್ಕೊಂದು, ಟೈಪಿಂಗ್ ಆಟ ಒಂದು, ಪತ್ರ ಬರೆಯುವುದಕ್ಕೆ ಬೇಕಾದ್ದು, ಇವನ್ನೆಲ್ಲ ಸೇರಿಸಿದೆ. ಮಕ್ಕಳಿಗೆ ಬೇಡದ್ದನ್ನು ತೆಗೆದೆ. ಮೆನುಗಳನ್ನು ಕನ್ನಡಕ್ಕೆ ತಿರುಗಿಸಿದೆ. ಎಲ್ಲೋ ಕೂತ ಯಾರೋ ಪುಣ್ಯಾತ್ಮರು ಅದನ್ನೂ ಕನ್ನಡ ಮಾಡಿಟ್ಟಿದ್ದರು, ನಾನು ಒತ್ತಿದ್ದು ಒಂದು ಗುಂಡಿ. ಇಷ್ಟೂ ಬದಲಾವಣೆಗಳ ಸಮೇತ ಇಡೀ ವ್ಯವಸ್ಥೆಯ ಅಚ್ಚು ತೆಗೆದು ಬೇರೆ ಪೆನ್‌ಡ್ರೈವುಗಳಿಗೆ ಬರೆಯುವ ಸಾಧನವೂ ಪುಕ್ಕಟೆಯೇ ಸಿಕ್ಕಿತು. ಅದನ್ನೂ ನಾನು ಬರೆದದ್ದಲ್ಲ.

ಕೊನೆಗೆ ಪರದೆಯ ಹಿನ್ನೆಲೆಗೆ ಕುಂತಿಬೆಟ್ಟದ ಫೋಟೋ ಹಾಕಿದೆ. ಶಾಲೆಯ ಜಗಲಿಯಿಂದ ನಾನೇ ತೆಗೆದದ್ದು. ಹೆಡ್‌ಮಾಸ್ಟರು ನೋಡಿ ಬಹಳ ಖುಷಿಪಟ್ಟು, "ಕೆಳಗಡೆ ನಿಮ್ಮ ಹೆಸರಾಕಿ ಮೇಡಂ, ತಯಾರಿಸಿದವರು ಅಂತ" ಅಂದರು.

"ಬೇಡ ಸಾರ್, ನಾನೇನು ತಯಾರ್ಸಿದ್ದೀನಿ?"

"ಮತ್ತೆ ನಾನ್ ತಯಾರ್ಸುದ್ನಾ? ಹಾಕಿ ಸುಮ್ನೆ. ಇಲ್ಲಾಂದ್ರೆ ನಾಳೆ ಇನ್ಯಾರೋ ನಂದು ಅಂತಾರೆ."

ಹಾಕಿದೆ. ಸಣ್ಣ ಅಕ್ಷರದಲ್ಲೇ ಹಾಕಿದೆ.

ಶಾಲೆ ಶುರುವಾದ ಮೇಲೆ ಬೀಗ ತೆಗೆದೆವು. ಮೊದಲ ದಿನ ಆರನೇ ಕ್ಲಾಸಿನವರು ಚಿತ್ರ ಬಿಡಿಸಿದರು. ಒಬ್ಬ ಹುಡುಗಿ ಇಡೀ ಪೀರಿಯಡ್ಡು ಕೂತು ಸೀಮೆಹಸು ಬಿಡಿಸಿ ಕೆಚ್ಚಲಿಗೆ ಬಣ್ಣ ತುಂಬಿದ್ದಳು. ಬೆಲ್ ಹೊಡೆದಾಗ ಎಲ್ಲವನ್ನೂ ಆಫ್ ಮಾಡಿದೆವು. ಮಾರನೆಯ ದಿನ ಹಸು ಇರಲಿಲ್ಲ, ಯಾರದೂ ಏನೂ ಇರಲಿಲ್ಲ. ಆ ಬಗೆಯ ಪೆನ್‌ಡ್ರೈವು ಆಫ್ ಆದ ಕೂಡಲೇ ಎಲ್ಲವನ್ನೂ ಮರೆತುಬಿಡುತ್ತದೆ, ನೆನಪಿಗೆ ಅಂತ ಅದರಲ್ಲೇ ಬೇರೆ ಜಾಗ ಬಿಡಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ಹುಡುಗಿ ಅಳುತ್ತಾ, "ಮಿಸ್, ನೀವೇ ಮಾಡಿದ್ದಲ್ವಾ, ವಾಪಸ್ ಬರಂಗೆ ಮಾಡಿ" ಅಂದಳು. ಅವತ್ತು ಮೊದಲ ಸಲ ಆ ಸಣ್ಣ ಅಕ್ಷರಗಳು ನನ್ನ ಕಣ್ಣಿಗೆ ಚುಚ್ಚಿದವು. ಒಂದು ಭಾನುವಾರ ಕೂತು ಎಲ್ಲ ಪೆನ್‌ಡ್ರೈವುಗಳನ್ನೂ ಮತ್ತೆ ಬರೆದೆ. ಹೆಸರು ತೆಗೆದುಬಿಡಬಹುದಿತ್ತು, ತೆಗೆಯಲಿಲ್ಲ. ಹೆಡ್‌ಮಾಸ್ಟರು ಬೇಸರ ಮಾಡಿಕೊಳ್ಳುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ.

ಪತ್ರಿಕೆಯವರು ಬಂದದ್ದು ಬೇರೆ ಕೆಲಸಕ್ಕೆ. ಶಾಲೆಯ ಕಾಂಪೌಂಡು ಬಿದ್ದಿತ್ತು, ಅದರ ಫೋಟೋ ತೆಗೆಯಲು ಬಂದವರಿಗೆ ಹೆಡ್‌ಮಾಸ್ಟರು ಕಂಪ್ಯೂಟರ್ ಕೋಣೆ ತೋರಿಸಿದರು. ಅವರು ಪರದೆಯ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆದು, ಹೆಸರು, ಊರು ಕೇಳಿಕೊಂಡರು. "ಇದು ಲಿನಕ್ಸ್, ಬೇರೆಯವರು ಮಾಡಿದ್ದು, ನಾನು ನಮಗೆ ಹೊಂದಿಸಿಕೊಂಡಿದ್ದೀನಿ ಅಷ್ಟೆ" ಅಂದೆ. ಹೂಂ ಹೂಂ ಅಂದರು. ಎರಡು ದಿನ ಬಿಟ್ಟು ಬಂದ ಸುದ್ದಿಯ ತಲೆಬರಹ: ಹಳ್ಳಿ ಶಿಕ್ಷಕಿಯಿಂದ ಕನ್ನಡದ ಕಂಪ್ಯೂಟರ್ ವ್ಯವಸ್ಥೆ ಆವಿಷ್ಕಾರ.

ಬಸ್ಸಿನಲ್ಲಿ ಯಾರದೋ ಕೈಯಲ್ಲಿದ್ದ ಪೇಪರಿನಲ್ಲಿ ಅದನ್ನು ನೋಡಿ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ. ಕಿಟಕಿಯಿಂದ ಗಾಳಿ ಬರುತ್ತಿರಲೂ ಇಲ್ಲ. ಸ್ಟ್ಯಾಂಡಿನಲ್ಲಿ ಇಳಿದವಳೇ ಪತ್ರಿಕೆಯವರಿಗೆ ಫೋನ್ ಮಾಡಿದೆ.

"ಸರ್, ಆವಿಷ್ಕಾರ ಅಲ್ಲ ಅದು. ತಿದ್ದುಪಡಿ ಹಾಕಿ."

"ಬುಡಿ ಮೇಡಂ, ಪಾಸಿಟಿವ್ ಸುದ್ದಿ. ತಿದ್ದುಪಡಿ ಹಾಕುದ್ರೆ ಏನೋ ಮೋಸ ಆಗದೆ ಅಂದ್ಕತಾರೆ ಜನ. ನಿಮ್ಗೇ ಅವಮಾನ."

ಮನೆಯಲ್ಲಿ ಗಂಡನಿಗೆ ಹೇಳಿದರೆ, "ಒಗಳುದ್ರೆ ಮೈಯೇನು ಸವೀತದಾ? ಎಂಟ್ ದಿನಕ್ಕೆ ಮರ್ತೋಯ್ತದೆ ಬುಡು" ಅಂದರು. ನಾನೂ ಹಾಗೇ ಅಂದುಕೊಂಡು ಸುಮ್ಮನಾಗುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ಸುದ್ದಿ ಅಪ್ಪನ ಕೈಗೆ ಸಿಕ್ಕಿತ್ತು.

ಅಪ್ಪನ ವಿಷಯ ಹೇಳಬೇಕು. ಕೆ.ಆರ್. ಪೇಟೆ ತಾಲ್ಲೂಕಿನ ನನ್ನ ತವರೂರಲ್ಲಿ ಅವರೂ ಅವ್ವನೂ ನನ್ನ ಅಣ್ಣ ಅತ್ತಿಗೆ ಜೊತೆ ಇದ್ದಾರೆ. ಒಂದಷ್ಟು ಗದ್ದೆ, ನಾಲ್ಕು ಹಸು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಹುಟ್ಟಿದಾಗಿನಿಂದ ಮೆದುಮಾತಿನ ಮನುಷ್ಯ. ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೆ ಜಾಗ ಬಿಟ್ಟು ಹಿಂದೆ ಸರಿಯುವವರು. ಅಲ್ಲಿನ ಹರಟೆಯಲ್ಲಿ ಅಪ್ಪ ಬಾಯಿ ತೆಗೆದದ್ದನ್ನು ನಾನು ಚಿಕ್ಕವಳಿದ್ದಾಗಲೂ ಕಂಡಿರಲಿಲ್ಲ.

ಆ ಅಪ್ಪ ಪೇಪರಿನ ತುಂಡನ್ನು ಮಡಿಸಿ ಶರಟಿನ ಜೇಬಿನಲ್ಲಿಟ್ಟುಕೊಂಡು ಡೈರಿಗೆ ಹೋಗಿದ್ದರು. ಅವ್ವ ಫೋನಿನಲ್ಲಿ ನಗುತ್ತಾ ಹೇಳಿದಳು.

"ನಿಮ್ಮಪ್ಪ ನೋಡವ್ವ, ಇಡೀ ಊರ್ಗೆ ಯೋಳ್ಕಂಡ್ ಬಂದವ್ರೆ, ನನ್ ಮಗ್ಳು ಕಂಪ್ಯೂಟರ್ ಕಂಡಿಡ್ದವ್ಳೆ ಅಂತ. ಡೈರಿ ಸೆಕ್ರೆಟ್ರಿ ಕುರ್ಚಿ ಆಕಿ ಕುಂಡ್ರುಸ್ಕಂಡು ಪೇಪರ್ ಓದುಸ್ಕಂಡ್ರಂತೆ."

"ಅವ್ವ, ಅದು ಅಂಗಲ್ಲ, ಅಪ್ಪಂಗೆ ಫೋನ್ ಕೊಡು" ಅಂದೆ. ಅಪ್ಪ ಫೋನ್ ತೆಗೆದುಕೊಂಡು, "ಮಗ" ಅಂದರು. ಮೂಗು ಏರಿಸಿದ್ದು ಕೇಳಿಸಿತು. ನಾನು ಹೇಳಬೇಕಾದ್ದನ್ನು ನುಂಗಿಕೊಂಡೆ.

ನಾಗಮಂಗಲದಲ್ಲಿ ನವೆಂಬರಿನ ಕನ್ನಡ ಹಬ್ಬಕ್ಕೆ ಒಂದು ಸಂಘದವರು ಸನ್ಮಾನಕ್ಕೆ ಕರೆದರು. ಬೇಡ ಅಂದೆ. ಹೆಡ್‌ಮಾಸ್ಟರು ಶಾಲೆಗೆ ಒಳ್ಳೆಯದಾಗುತ್ತದೆ, ಕಾಂಪೌಂಡಿಗೆ ಯಾರಾದರೂ ಕೈ ಹಾಕಬಹುದು ಅಂತ ಒತ್ತಾಯ ಮಾಡಿದಾಗ ಒಪ್ಪಿಕೊಂಡೆ. ಅಲ್ಲಿ ಮೈಕಿನ ಮುಂದೆ ನಿಂತು ಎಲ್ಲರಿಗೂ ನಿಜ ಹೇಳಿಬಿಟ್ಟರೆ ಮುಗಿಯಿತಲ್ಲ ಅನ್ನುವುದು ನನ್ನ ಆಸೆ.

ವೇದಿಕೆಯಲ್ಲಿ ನನಗೆ ಪೇಟ ಸುತ್ತಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ನಿರೂಪಕರು ಗಂಟಲು ಏರಿಸಿ, "ವಿದೇಶಿ ಕಂಪನಿಗಳಿಗೆ ಸವಾಲು ಹಾಕಿ ಅಚ್ಚಕನ್ನಡದ ಕಂಪ್ಯೂಟರ್ ವ್ಯವಸ್ಥೆಯನ್ನು ನಾಡಿಗೆ ಅರ್ಪಿಸಿದ ಮಂಡ್ಯದ ಮಗಳು" ಅಂದರು. ಕೆಳಗೆ ಮೂರನೇ ಸಾಲಿನಲ್ಲಿ ಅಪ್ಪ ಕೂತಿದ್ದರು. ಅಣ್ಣನ ಬೈಕಿನ ಹಿಂದೆ ಕೂತು ಬಂದಿದ್ದರು, ಇಸ್ತ್ರಿ ಮಾಡಿದ ಪಂಚೆ ಮೊಣಕಾಲಿನ ಹತ್ತಿರ ಧೂಳಾಗಿತ್ತು. ಮಂಡ್ಯದ ಮಗಳು ಅಂದ ತಕ್ಷಣ ಪಕ್ಕದವರ ಕಡೆ ತಿರುಗಿ ಏನೋ ಹೇಳಿದರು. ಪಕ್ಕದವರು ಎದ್ದು ಅಪ್ಪನಿಗೆ ಕೈಮುಗಿದರು.

ನಾನು ಮೈಕಿನ ಮುಂದೆ ನಿಂತು ಹೇಳಿದೆ. "ಇದನ್ನು ನಾನೊಬ್ಬಳೇ ಮಾಡಿದ್ದಲ್ಲ. ಸಾವಿರಾರು ಜನ ಮಾಡಿಟ್ಟಿದ್ದನ್ನು ನಾನು ನಮ್ಮ ಮಕ್ಕಳಿಗೆ ತಲುಪಿಸಿದ್ದೇನೆ ಅಷ್ಟೆ. ಈ ಗೌರವ ಅವರಿಗೆ ಸಲ್ಲಬೇಕು."

ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷತೆ ವಹಿಸಿದ್ದವರು ಮೈಕ್ ಎಳೆದುಕೊಂಡು, "ನೋಡಿ, ಎಷ್ಟು ಸಾಧನೆ ಮಾಡಿದ್ರೂ ಎಷ್ಟು ವಿನಯ! ಇದು ನಮ್ಮ ಮಣ್ಣಿನ ಗುಣ" ಅಂದರು. ಮತ್ತೆ ಚಪ್ಪಾಳೆ. ಪೇಟ ಸಡಿಲವಾಗಿ ಹುಬ್ಬಿನ ಮೇಲೆ ಜಾರಿತು. ನಾನು ಅದನ್ನು ಹಿಡಿದುಕೊಂಡು ಹೋಗಿ ಕೂತೆ.

ಆಮೇಲೆ ಯೋಚಿಸಿದ್ದೇನೆ. ಹೇಳಿದ ರೀತಿಯೇ ಸರಿಯಿರಲಿಲ್ಲ. ದೊಡ್ಡವರೆಲ್ಲ ಸನ್ಮಾನದ ದಿನ ಹೇಳುವ ಮಾತಿನ ಹಾಗೇ ಇತ್ತು ಅದು. ನಾನು ಕಂಡುಹಿಡಿದಿಲ್ಲ, ಪೇಪರಿನಲ್ಲಿ ಬಂದದ್ದು ಸುಳ್ಳು ಅನ್ನಬೇಕಿತ್ತು. ಮೂರನೇ ಸಾಲು ಕಣ್ಣೆದುರಿಗಿದ್ದದ್ದರಿಂದ ಅನ್ನಲಾಗಲಿಲ್ಲ.

ಊಟ ಮುಗಿಸಿ ಹೊರಡುವಾಗ ಅಪ್ಪನನ್ನು ಪಕ್ಕಕ್ಕೆ ಕರೆದು ಅವರಿಗೆ ತಿಳಿಯುವ ಹಾಗೆ ಹೇಳಲು ನೋಡಿದೆ. "ಅಪ್ಪ, ಆಲೆಮನೇಲಿ ಬೆಲ್ಲ ಮಾಡೋರು ಬೇರೆ ಬೇರೆ ಇರ್ತಾರಲ್ಲ. ಕಬ್ಬು ಬೆಳ್ದೋರು ಬೇರೆ, ಅರ್ದೋರು ಬೇರೆ, ಕಾಯ್ಸಿದೋರು ಬೇರೆ. ನಾನು ಆ ಪಾಕನ ಅಚ್ಚಿಗೆ ಉಯ್ದು ಪೊಟ್ಣ ಕಟ್ದೆ. ಅಷ್ಟೇಯ."

ಅಪ್ಪ ಹಣ್ಣಿನ ಬುಟ್ಟಿಯನ್ನು ಬೈಕಿಗೆ ಕಟ್ಟುತ್ತಿದ್ದರು. "ಅಚ್ಚು ನಿಂದೇ ತಾನೆ?" ಅಂದರು.

"ಅಚ್ಚೂ ಪೂರ್ತಿ ನಂದಲ್ಲ."

"ಉಯ್ದೋಳ್ ನೀನು ತಾನೆ? ಸರಿ ಬುಡು ಮತ್ತೆ." ಅಣ್ಣನ ಹಿಂದೆ ಬೈಕ್ ಹತ್ತಿ ಕೂತು, ಕಟ್ಟಿದ ಬುಟ್ಟಿಯನ್ನು ಒಂದು ಕೈಯಲ್ಲಿ ತಬ್ಬಿಕೊಂಡು ಹೋದರು. ನನಗೂ ಸ್ವಲ್ಪ ನಗು ಬಂತು. ನಿಜ ಹೇಳಬೇಕೆಂದರೆ ಸ್ವಲ್ಪ ಸುಖವೂ ಆಯಿತು.

ಆ ಸುಖ ಬಹಳ ದಿನ ಉಳಿಯಲಿಲ್ಲ. ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ಉಪನ್ಯಾಸಕರೊಬ್ಬರು ಫೋನ್ ಮಾಡಿ, ತಮ್ಮ ವಿದ್ಯಾರ್ಥಿಗಳಿಗೆ ಒಂದು ಭಾಷಣ ಬೇಕು ಅಂದರು. ಮಾತಿನ ನಡುವೆ ಬಹಳ ಗೌರವದಿಂದ, "ಕರ್ನಲ್‌ನಲ್ಲಿ ಏನೇನು ಬದಲಾವಣೆ ಮಾಡಿದ್ರಿ ಮೇಡಂ?" ಅಂತ ಕೇಳಿದರು. ಕರ್ನಲ್ ಅಂದರೆ ಇಡೀ ವ್ಯವಸ್ಥೆಯ ತಿರುಳು. ಅದರ ಹತ್ತಿರಕ್ಕೂ ನಾನು ಹೋಗಿರಲಿಲ್ಲ. ತೆರೆದು ತೋರಿಸಿದರೂ ಒಂದು ಸಾಲು ಅರ್ಥವಾಗುವುದಿಲ್ಲ. ಕ್ಲಾಸಿನ ಬಾಗಿಲಲ್ಲಿ ನಿಂತಿದ್ದ ನಾನು, "ಮಕ್ಕಳು ಕಾಯ್ತಿದ್ದಾರೆ ಸರ್, ಆಮೇಲೆ ಮಾತಾಡ್ತೀನಿ" ಅಂದು ಇಟ್ಟುಬಿಟ್ಟೆ. ಅವರು ಮತ್ತೆ ಎರಡು ಸಲ ಮಾಡಿದರು, ಎತ್ತಲಿಲ್ಲ. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು, ನಾನು ಬೋರ್ಡಿಗೆ ಮುಖ ಮಾಡಿ ನಿಂತಿದ್ದೆ. ತಿಳಿದವರೊಬ್ಬರು ತಿಳಿಯದವಳನ್ನು ತಿಳಿದವಳೆಂದು ನಂಬಿ ಮಾತಾಡಿದಾಗ ಆಗುವ ಸಂಕಟ ಬೈಗುಳದಲ್ಲಿ ಇರುವುದಿಲ್ಲ.

ಅಷ್ಟರಲ್ಲಿ ನನ್ನ ತವರೂರಿನವರೇ ಡೈರಿ ಮುಂದೆ ಸನ್ಮಾನ ಇಟ್ಟುಕೊಂಡರು. ನನ್ನ ಮುಖ ಇರುವ ಫ್ಲೆಕ್ಸ್ ಕಟ್ಟಿದ್ದಾರೆ ಅಂತ ಅಣ್ಣ ಫೋಟೋ ಕಳಿಸಿದ. ಈ ಸಲ ಯಾರೂ ವಿನಯ ಅಂತ ತಿಳಿಯದ ಹಾಗೆ ಹೇಳಬೇಕು, ಮಾತಿನಲ್ಲಿ ಹೇಳಿದರೆ ಆಗದು, ತೋರಿಸಿಬಿಡಬೇಕು ಅಂತ ತೀರ್ಮಾನ ಮಾಡಿದೆ. ಒಂದು ಪೆನ್‌ಡ್ರೈವಿಗೆ ಆ ಲಿನಕ್ಸನ್ನು ಇಳಿಸಿಕೊಂಡಾಗ ಹೇಗಿತ್ತೋ ಹಾಗೇ ಬರೆದೆ. ಇನ್ನೊಂದು ನಮ್ಮ ಶಾಲೆಯದು. ಹೆಡ್‌ಮಾಸ್ಟರ ಅನುಮತಿ ತೆಗೆದುಕೊಂಡು ಒಂದು ಯಂತ್ರವನ್ನೂ ಒಯ್ದೆ.

ಸಂಜೆಯ ಹಾಲು ಹಾಕಿ ಮುಗಿದ ಮೇಲೆ ಜನ ಅಲ್ಲೇ ನಿಂತರು. ಖಾಲಿ ಕ್ಯಾನುಗಳನ್ನು ಪಕ್ಕಕ್ಕೆ ಸರಿಸಿ, ಹಾಲಿನ ಫ್ಯಾಟು ನೋಡುವ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟರು. ಮುಂದಿನ ಕುರ್ಚಿಯಲ್ಲಿ ಅಪ್ಪ, ಹೊಸ ಪಂಚೆ, ಹೆಗಲ ಮೇಲೆ ಟವೆಲು. ಸೆಕ್ರೆಟರಿ ನಾಲ್ಕು ಮಾತಾಡಿ ನನ್ನ ಕಡೆ ಕೈ ತೋರಿಸಿದರು.

ನಾನು ಮೊದಲ ಪೆನ್‌ಡ್ರೈವ್ ಹಾಕಿದೆ. ಯಂತ್ರ ಎದ್ದಿತು, ನೀಲಿ ಪರದೆ ಬಂತು, ಕೆಳಗೊಂದು ಪಟ್ಟಿ, ಮೂಲೆಯಲ್ಲಿ ಮೆನು. "ಇದು ಹೊರಗಿನವರು ಮಾಡಿದ್ದು. ಪುಕ್ಕಟೆ ಕೊಡ್ತಾರೆ, ಯಾರ್ ಬೇಕಾದ್ರೂ ತಗಬೋದು" ಅಂದೆ. ಅದನ್ನು ಆಫ್ ಮಾಡಿ ಎರಡನೆಯದನ್ನು ಹಾಕಿದೆ. ಅದೇ ಪಟ್ಟಿ, ಅದೇ ಮೆನು ಕನ್ನಡದಲ್ಲಿ, ಹಿಂದೆ ಕುಂತಿಬೆಟ್ಟ. "ಇದು ನಾನು ಮಾಡಿದ್ದು ಅಂತ ಪೇಪರಿನವರು ಬರೆದದ್ದು. ಬರೆದದ್ದು ತಪ್ಪು. ನಾನು ಏನನ್ನೂ ಕಂಡುಹಿಡಿದಿಲ್ಲ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನನಗೆ ಎದೆ ಹಗುರಾಯಿತು. ಕೊನೆಗೂ ಕೇಳಿಸಿಕೊಂಡರಲ್ಲ ಅನ್ನಿಸಿತು.

ಹಿಂದಿನ ಸಾಲಿನಲ್ಲಿ ಅಪ್ಪನ ವಾರಿಗೆಯವರೊಬ್ಬರು ನಿಂತಿದ್ದರು, ಅಪ್ಪನನ್ನು ಹಿಂದೆ ಸರಿಸಿ ಹಾಲು ಹಾಕುವವರಲ್ಲಿ ಮೊದಲಿಗರು. ಕಣ್ಣು ಕಿರಿದು ಮಾಡಿ ಪರದೆ ನೋಡಿ ಅಂದರು:

"ಎರಡೂ ಒಂದೇ ಅಲ್ವೇನವ್ವ? ಬೆಟ್ಟ ಒಂದ್ ಬಂದದೆ."

"ಹೂಂ, ಹೆಚ್ಚುಕಮ್ಮಿ ಅಷ್ಟೇ" ಅಂದೆ ನಾನು. ಎಷ್ಟು ಉತ್ಸಾಹದಿಂದ ಅಂದೆ!

ಅವರು ಅಪ್ಪನ ಕಡೆ ತಿರುಗಿದರು. "ಏನ್ಲಾ, ಕಂಪ್ಯೂಟರ್ ಕಂಡಿಡ್ದವ್ಳೆ ಅಂತಿದ್ದೆ? ನಿನ್ ಮಗ್ಳು ಕಂಡಿಡ್ದಿರೋದು ಬೆಟ್ಟ ಕಣ್ಲಾ!"

ಇಡೀ ಡೈರಿ ನಕ್ಕಿತು. ಕೆಟ್ಟ ನಗುವೇನಲ್ಲ, ಅಲ್ಲಿ ದಿನಾ ಒಬ್ಬರನ್ನೊಬ್ಬರು ನಗುವ ನಗುವೇ. ಸೆಕ್ರೆಟರಿ ಕೂಡ ಬಾಯಿಗೆ ಕೈ ಅಡ್ಡ ಹಿಡಿದರು. ಅಪ್ಪನೂ ನಗಲು ನೋಡಿದರು. ತುಟಿ ಒಂದು ಕಡೆ ಎಳೆದುಕೊಂಡಿತು, ನಗು ಬರಲಿಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆಮೇಲೆ ಎದ್ದು ಆ ಕುರ್ಚಿಯನ್ನು ಬೇರೆಯವರಿಗೆ ಬಿಟ್ಟುಕೊಡುವವರಂತೆ ಸ್ವಲ್ಪ ಪಕ್ಕಕ್ಕೆ ಸರಿಸಿ, ಜನರ ಹಿಂದೆ ಹೋಗಿ ನಿಂತರು.

ಅಷ್ಟು ತಿಂಗಳಿಂದ ನನ್ನ ನಾಚಿಕೆಯನ್ನು ಹೇಗೆ ಇಳಿಸಿಕೊಳ್ಳಲಿ ಅಂತ ಒದ್ದಾಡುತ್ತಿದ್ದೆ. ಇಳಿಸಿದೆ, ಅಪ್ಪನ ತಲೆಯ ಮೇಲೆ. ಏನಾದರೂ ಹೇಳಿ ಸರಿ ಮಾಡೋಣ ಅಂತ, "ಆದ್ರೂ ಇದಕ್ಕೆ ಬಹಳ ಕೆಲ್ಸ ಇತ್ತು" ಅಂತ ಶುರು ಮಾಡಿದೆ. ನನ್ನ ಕಿವಿಗೇ ಅದು ಬಡಾಯಿಯ ಹಾಗೆ ಕೇಳಿಸಿ ನಿಲ್ಲಿಸಿದೆ. ಹಾರ ಹಾಕಿದರು. ಕೋಡುಬಳೆ, ಕಾಫಿ ಕೊಟ್ಟರು. ಅಪ್ಪ ಎಲ್ಲರಿಗಿಂತ ಮುಂಚೆ ಮನೆಗೆ ನಡೆದಿದ್ದರು. ರಾತ್ರಿ ನನ್ನ ತಟ್ಟೆಗೆ ತಾವೇ ಮುದ್ದೆ ಇಟ್ಟು, "ಉಣ್ಣವ್ವ, ಬಸ್ನಾಗೆ ಬಂದಿದ್ದೀಯ" ಅಂದರು.

ಅವತ್ತಿನಿಂದ ಊರಲ್ಲಿ ಅಪ್ಪನಿಗೆ ಬೆಟ್ಟದಪ್ಪ ಅನ್ನುವ ಹೆಸರು ಬಿತ್ತು. ಅಣ್ಣ ಹೇಳಿದ್ದು. ಬೆಳಿಗ್ಗೆ ಹಾಲು ಹಾಕಲು ಅಪ್ಪ ಹೋಗುತ್ತಿಲ್ಲ, ಅವ್ವ ಹೋಗುತ್ತಿದ್ದಾಳೆ, ಕೇಳಿದರೆ ಮಂಡಿನೋವು ಅನ್ನುತ್ತಾರೆ ಅಂತಲೂ ಹೇಳಿದ. "ನಿಂಗೆ ಅಲ್ಲಿ ಅದೆಲ್ಲ ತೋರ್ಸು ಅಂದೋರ್ ಯಾರು?" ಅಂತ ಅಣ್ಣ ಕೇಳಿದ. ನಿಜ ಹೇಳಿದೆ ಅನ್ನುವುದು ಉತ್ತರವೇ. ಆದರೆ ಆ ನಿಜದ ಬೆಲೆ ತೆತ್ತದ್ದು ನಾನಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಶಾಲೆಯ ಗೇಟಿನಲ್ಲಿ ಅಪ್ಪ ನಿಂತಿದ್ದರು. ಪಾಂಡವಪುರದಲ್ಲಿ ಯಾರ ಹತ್ತಿರವೋ ಕರು ನೋಡಲು ಬಂದಿದ್ದೆ ಅಂದರು. ಕೈಯಲ್ಲಿ ಚೀಲವಿತ್ತು, ಮನೆಯ ಅವರೆಕಾಯಿ. ಕ್ಲಾಸು ಮುಗಿದಿತ್ತು. "ಅದು ಎಲ್ಲದೆ?" ಅಂತ ಕೇಳಿದರು. ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆ ಬದಿಯ ಬೆಂಚಿನ ಮೇಲೆ ತುದಿಯಲ್ಲಿ ಕೂತರು.

ಒಂದು ಯಂತ್ರ ಆನ್ ಮಾಡಿದೆ. ಬೆಟ್ಟ ಬಂತು. ನಾನು ಬೇಗ ಬೇಗ ಅದರ ಮೇಲೆ ಬೇರೆ ಏನನ್ನೋ ತೆರೆದೆ, ಬೆಟ್ಟ ಕಾಣದ ಹಾಗೆ. ಅಪ್ಪ ಅದನ್ನು ಗಮನಿಸಿದರು ಅಂತ ಕಾಣುತ್ತದೆ.

"ಪೆಂಡ್ರೈವ್ ತಗುದ್ರೆ?" ಅಂತ ಕೇಳಿದರು.

ಆಫ್ ಮಾಡಿ, ತೆಗೆದು, ಮತ್ತೆ ಆನ್ ಮಾಡಿ ತೋರಿಸಿದೆ. ಕಪ್ಪು ಪರದೆ, ಒಂದು ಸಾಲು ಇಂಗ್ಲಿಷು.

"ಎಲ್ಲಾನೂ ಇಂಗೇ ಇದ್ವಾ ಮೊದ್ಲು?"

"ಹೂಂ."

ಅಪ್ಪ ಬಹಳ ಹೊತ್ತು ಆ ಕಪ್ಪು ಪರದೆ ನೋಡಿದರು. ಪೆನ್‌ಡ್ರೈವನ್ನು ನನ್ನ ಕೈಯಿಂದ ಇಸಿದುಕೊಂಡು ಅಂಗೈಯಲ್ಲಿಟ್ಟು ತೂಕ ನೋಡುವ ಹಾಗೆ ಆಡಿಸಿ ವಾಪಸು ಕೊಟ್ಟರು. ಅಷ್ಟರಲ್ಲಿ ಹೆಡ್‌ಮಾಸ್ಟರು ಬಂದು ನಮಸ್ಕಾರ ಮಾಡಿ, "ನಿಮ್ಮ ಮಗಳು ನಮ್ಮ ಸ್ಕೂಲಿನ ಹೆಮ್ಮೆ ಸ್ವಾಮಿ" ಅಂದಾಗ ಅಪ್ಪ ಗಾಬರಿಯಾದವರ ಹಾಗೆ ಎದ್ದು, "ಅಂಗೇನಿಲ್ಲ ಬುಡಿ ಸ್ವಾಮಿ, ಅಂಗೇನಿಲ್ಲ" ಅಂತ ಕೈ ಆಡಿಸಿದರು. ಆ ಕೈ ಆಡಿಸಿದ್ದನ್ನು ನೋಡಿ ನನಗೆ ಡೈರಿಯ ಮುಂದೆ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಹೊಗಳಿಕೆಯನ್ನು ನಂಬಬಾರದು ಅಂತ ಅವರಿಗೆ ಈ ವಯಸ್ಸಿನಲ್ಲಿ ಕಲಿಸಿದವಳು ನಾನು.

ಬಸ್ಸಿಗೆ ಕಾಯುತ್ತಾ ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆವು. ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಒಂದು ಹೋಗಿ ಇನ್ನೊಂದು ಬರುವ ನಡುವೆ ಅಪ್ಪ ಮಾತಾಡಿದರು, ನನ್ನ ಕಡೆ ನೋಡದೆ.

"ನೀನು ನಿಜ ಯೋಳ್ದೆ. ಅದ್ರಲ್ಲಿ ತಪ್ಪಿಲ್ಲ ಕಣವ್ವ. ಆದ್ರೆ ಮೊದ್ಲು ನಂಗೆ ಮನೇಲಿ ಒಂದ್ಸತಿ ಯೋಳ್ಬೋದಿತ್ತು."

ಹೇಳಿದ್ದೆನಲ್ಲ ಅಪ್ಪ, ನಾಗಮಂಗಲದಲ್ಲಿ, ಬೈಕಿನ ಹತ್ತಿರ ಅನ್ನುವ ಮಾತು ಬಾಯಿಗೆ ಬಂತು. ಹೇಳಿದ್ದೆ, ಹೌದು. ಆದರೆ ಅವರು ನಂಬಬಾರದು ಅನ್ನುವ ಹಾಗೆ ಹೇಳಿದ್ದೆ. ಬುಟ್ಟಿ ತಬ್ಬಿಕೊಂಡು ಹೋಗುವ ಅಪ್ಪನನ್ನು ಇನ್ನೊಂದಷ್ಟು ದಿನ ನೋಡುವ ಆಸೆಗೆ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದೆ.

"ಹೂಂ ಅಪ್ಪ, ಯೋಳ್ಬೇಕಾಗಿತ್ತು" ಅಂದೆ.

ಬಸ್ಸು ಬಂತು. ಅಪ್ಪ ಹತ್ತಿ, ಕಿಟಕಿಯಿಂದ ಅವರೆಕಾಯಿಯ ಚೀಲದ ಕಡೆ ಬೆರಳು ತೋರಿಸಿ, ಇವತ್ತೇ ಸುಲಿದುಬಿಡು ಅಂತ ಸನ್ನೆ ಮಾಡಿದರು.

ಮನೆಗೆ ಹೋಗುವ ಮೊದಲು ಕೋಣೆಗೆ ವಾಪಸು ಹೋಗಿ ಒಂದು ಪೆನ್‌ಡ್ರೈವಿನಿಂದ ನನ್ನ ಹೆಸರಿನ ಸಾಲನ್ನು ತೆಗೆದೆ. ಉಳಿದವನ್ನು ಮುಂದಿನ ವಾರ ತೆಗೆದು ಮುಗಿಸಿದೆ. ಯಾವ ಮಗುವೂ ಗಮನಿಸಲಿಲ್ಲ. ಆ ಉಪನ್ಯಾಸಕರಿಗೂ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಅವರು, ಹಾಗಾದರೆ ಭಾಷಣ ಬೇಡ ಬಿಡಿ ಅಂದರು. ಬೇಸರವೇನೂ ಇರಲಿಲ್ಲ ಆ ಧ್ವನಿಯಲ್ಲಿ, ಆಸಕ್ತಿಯೂ ಇರಲಿಲ್ಲ.

ಅಪ್ಪ ಈಗ ಮತ್ತೆ ಡೈರಿಗೆ ಹೋಗುತ್ತಾರೆ. ಬೆಟ್ಟದಪ್ಪ ಅಂತ ಕರೆದರೆ ಓಗೊಡುತ್ತಾರಂತೆ. ಮೊನ್ನೆ ಬೇರೆ ಊರಿನ ಒಬ್ಬರು, ನಿನ್ನ ಮಗಳು ಏನು ಮಾಡಿಕೊಂಡಿದ್ದಾಳೆ ಅಂತ ಕೇಳಿದರಂತೆ. ಅವ್ವ ಪಕ್ಕದಲ್ಲೇ ಇದ್ದಳು. ಅಪ್ಪ ಏನಂದರು ಅಂತ ನಾನು ಎರಡು ಸಲ ಕೇಳಿದೆ.

"ಮೇಷ್ಟ್ರು ಅಂದ್ರು," ಅಂದಳು ಅವ್ವ. "ಅಷ್ಟೇಯ. ಇನ್ನೇನೂ ಯೋಳ್ನಿಲ್ಲ."